ಗುಂಡಿಯಲ್ಲಿ ಕೂತ ಕೌಬಾಯ್

ದಾವಣಗೆರೆ
೧೫-೭-೨೦೨೪, ಸೋಮವಾರ

ಪ್ರೀತಿಯ ಮಗಳು ಕೃತಿಕಾಳಿಗೆ,

ಹೊಲಿಗೆ ಹಾಕಿದ ಕಡೆ ಇನ್ನೂ ನೋವಿದೆಯಾ? ಮಗುವಿಗೆ ಹಾಲು ಸಾಕಾಗುತ್ತಿದೆಯಾ? ಸಬ್ಬಸಿಗೆ ಸೊಪ್ಪು ತಿನ್ನು. ಅತ್ತೆಯವರು ಖಾರ ಹೆಚ್ಚು ಹಾಕಿದರೆ ಬೇಡ ಅನ್ನು, ಸಂಕೋಚ ಮಾಡಬೇಡ.

ನಿಮ್ಮಪ್ಪ ಹೋದ ವರ್ಷ ಪಾರ್ಟು ಮಾಡಿದ್ದ ಸಿನಿಮಾವನ್ನು ನಿನ್ನೆ ಹರಿಹರದಲ್ಲಿ ಒಂದು ಹಾಲಿನಲ್ಲಿ ತೋರಿಸಿದರು. ಅವರು ತೀರಿಕೊಂಡು ಇನ್ನೂ ಎರಡು ತಿಂಗಳಾಗಿಲ್ಲ. ಹೆರಿಗೆಯಾಗಿ ಸೊಲ್ಲಾಪುರದ ಆಸ್ಪತ್ರೆಯಲ್ಲಿದ್ದ ನಿನಗೆ ಮಣ್ಣಿಗೆ ಬರಲಾಗಲಿಲ್ಲ. ಒಮ್ಮೆ ಮುಖ ನೋಡಿ ಬಂದು ನಿನಗೆ ಹೇಳೋಣ ಎಂದು ಹೋದೆ. ದೇವಸಹಾಯ ಮೇಷ್ಟ್ರು ತೆಗೆದ ಚಿತ್ರ. ಕೌಬಾಯ್‌ಗಳು ಯೇಸುವಿಗೆ ಶರಣಾಗುವ ಕಥೆ. ಇದ್ದಿದ್ದು ಒಂದೇ ಕುದುರೆ, ಮಸ್ತಾನಸಾಬರ ಜಟಕಾದ್ದು. ಅದರ ಮೇಲೆಯೇ ಕಳ್ಳ ಬಂದ, ಅದರ ಮೇಲೆಯೇ ಅವನನ್ನು ಅಟ್ಟಿಸಿಕೊಂಡು ಪೊಲೀಸೂ ಬಂದ. ಮರುಭೂಮಿ ಎಂದು ತೋರಿಸಿದ ಹೊಳೆದಂಡೆಯಲ್ಲಿ ಯಾರದೋ ಸೀರೆ ಒಣಗುತ್ತಿತ್ತು. ನಿಮ್ಮಪ್ಪ ಮುದಿ ಕಳ್ಳ. ಬಾಯಿ ಅವರದು, ದನಿ ಇನ್ಯಾರದೋ. ನನಗೆ ಅಳುವೂ ಬರಲಿಲ್ಲ. ಇಷ್ಟೇನಾ ಅನ್ನಿಸಿತು.

ಕೊನೆಗೆ ಕಳ್ಳ ಪಶ್ಚಾತ್ತಾಪಪಟ್ಟು ಸಾಯುತ್ತಾನೆ. ಶಿಲುಬೆ, ಫಾದರ್ ಎಲ್ಲ ಇದ್ದಾರೆ. ಆದರೆ ಗುಂಡಿ ತೋಡಿದವನು ಭಾನುವಳ್ಳಿಯ ಮೈಲಪ್ಪ. ಸಮಾಧಿ ತೋಡು ಅಂದಿದ್ದಕ್ಕೆ, ನಮ್ಮಲ್ಲಿ ಕೂರಿಸಿ ಮಣ್ಣು ಮಾಡುವುದಕ್ಕೆ ತೋಡುವ ಹಾಗೆ ಚೌಕದ ಗುಂಡಿ ತೋಡಿಬಿಟ್ಟಿದ್ದಾನೆ. ಮಲಗಿಸಲು ಜಾಗವಿಲ್ಲ, ಇನ್ನೊಂದು ತೋಡುವಷ್ಟು ಬೆಳಕಿಲ್ಲ. ಟೋಪಿ ಸಮೇತ ಕೂರಿಸಿದ್ದಾರೆ. "ಅಯ್ಯೋ, ಕೌಬಾಯ್ ಕುಂತಾನಲ್ರೀ!" ಎಂದು ಹಿಂದಿನ ಸಾಲಿನ ಹೆಂಗಸು ಕಿರುಚಿದಳು. "ಮೈಲಪ್ಪ ತೋಡಿದ್ ಮ್ಯಾಲೆ ಇನ್ನೆಂಗ್ ಇರ್ತಾನ್ ಬಿಡ್ರಿ" ಎಂದು ಇನ್ನೊಬ್ಬಳು. ಹಾಲೆಲ್ಲ ನಕ್ಕಿತು. ಮೇ ತಿಂಗಳಲ್ಲಿ ನಾನು ನೋಡಿದ್ದೂ ಇದನ್ನೇ, ಕೃತಿಕಾ. ಅದೇ ಮಡಿಸಿದ ಮಂಡಿ, ಅದೇ ಎಡಕ್ಕೆ ವಾಲಿದ ಕತ್ತು. ಹೀಗೆ ಕೂತು ಎದ್ದು ಬಂದವರು ಮನೆಯಲ್ಲಿ "ಸಣ್ಣ ಪಾರ್ಟು ಕಣೇ" ಎಂದಷ್ಟೇ ಹೇಳಿದ್ದರು.

ಮಣ್ಣು ಹಾಕಿದರು, ಪ್ರಾರ್ಥನೆ ಮುಗಿಯಿತು. ಅಲ್ಲಿಗೆ ಕತ್ತರಿಸಬೇಕಿತ್ತಂತೆ, ಮರೆತಿದ್ದಾರೆ. ನಿಮ್ಮಪ್ಪ ಕಣ್ಣು ಬಿಟ್ಟರು. ಟೋಪಿ ಕೊಡವಿದರು, ಬಾಯೊಳಗಿನ ಮಣ್ಣು ಉಗಿದರು, "ಕೈ ಕೊಡಲೇ ಮೈಲಾ, ಮಂಡಿ ಹಿಡ್ಕೊಂಡೈತೆ" ಅಂದರು. ಅದು ಅವರದೇ ದನಿ. ಮೈಲಪ್ಪ ಎಳೆದ. ಮೇಲೆ ಬಂದರು. ಜನ ಬಿದ್ದು ಬಿದ್ದು ನಗುತ್ತಿದ್ದರು. ನಾನು ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ.

ಅಳಿಯಂದಿರಿಗೆ, ನಿಮ್ಮ ಅತ್ತೆ ಮಾವನವರಿಗೆ ಶರಣು ಹೇಳು. ಮಗುವಿನ ಹಣೆಗೆ ನನ್ನ ಲೆಕ್ಕದಲ್ಲಿ ವಿಭೂತಿ ಹಚ್ಚು. ನೂರ್ಕಾಲ ಬಾಳಲಿ.

ನಿನ್ನ ಅವ್ವ,
ದ್ರಾಕ್ಷಾಯಣಮ್ಮ

ಇನ್ನೊಂದು ಮಾತು: ಮೇಷ್ಟ್ರು ಎಲ್ಲರೆದುರು ಕೈಮುಗಿದು, "ತಪ್ಪಾಗೈತ್ರೀ, ದಾವಣಗೆರೆ ಶೋ ಹೊತ್ತಿಗೆ ಆ ತುಂಡು ತೆಗೆಸ್ತೀನಿ" ಅಂದರು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಕಾಗದ ಮುಟ್ಟಿದ ತಕ್ಷಣ ನೀನೇ ಮೇಷ್ಟ್ರಿಗೆ ಫೋನ್ ಮಾಡು. ನಂಬರ್ ಹಿಂದೆ ಬರೆದಿದ್ದೇನೆ. ಅವರು ಕತ್ತರಿಸಿದರೆ ನಿಮ್ಮಪ್ಪ ಗುಂಡಿಯಲ್ಲೇ ಉಳಿದುಬಿಡುತ್ತಾರೆ.