ಫ್ಯಾನ್ ಇರುವ ಕಾರ್ಡ್

ಶಂಕರಪುರ
15 ಅಕ್ಟೋಬರ್ 2006, ಭಾನುವಾರ

ಪ್ರೀತಿಯ ಮಗಳು ಮ್ಯಾಗ್ಡಲಿನ್‌ಗೆ,

ಹೇಗಿದ್ದೀ? ಹೊಟ್ಟೆನೋವು ಕಡಿಮೆಯಾಯಿತೇ? ಅಲ್ಲಿ ಬೆಳಗ್ಗೆ ತಣ್ಣೀರಿನ ಸ್ನಾನವಂತೆ, ತಲೆ ಚೆನ್ನಾಗಿ ಒರೆಸಿಕೋ. ನಾವಿಬ್ಬರೂ ಸೌಖ್ಯ. ಮಲ್ಲಿಗೆ ಕಟ್ಟಿ ಕಟ್ಟಿ ಅಮ್ಮನ ಬೆರಳು ಒಡೆದಿದೆ, ಅಷ್ಟೇ. ನಾನು ಈಗಲೂ ಅದೇ ಬೆಳ್ಮಣ್ ರೂಟಿನ ಬಸ್ಸು ಓಡಿಸುತ್ತಿದ್ದೇನೆ. ಶಿರ್ವದಲ್ಲಿ ನೀನು ಕಾಲೇಜು ಬಿಟ್ಟು ಹತ್ತುತ್ತಿದ್ದ ಸ್ಟಾಪ್ ಬಂದಾಗ ಕಾಲು ತಾನಾಗಿಯೇ ಬ್ರೇಕಿಗೆ ಹೋಗುತ್ತದೆ. 'ಯಾರೂ ಇಲ್ಲ, ಹೋಗುವ' ಎನ್ನುತ್ತಾನೆ ಕಂಡಕ್ಟರ್.

ಕಂಪ್ಯೂಟರನ್ನು ಇಗರ್ಜಿಯ ಯುವಕರಿಗೆ ಕೊಟ್ಟುಬಿಡಿ ಎಂದು ನೀನು ಬರೆದಿದ್ದೆ. ಕೊಟ್ಟಿಲ್ಲ ಮಗಳೇ. ಸಿಸ್ಟರ್ ಆಗಬೇಕೆಂದು ನೀನು ಕಾನ್ವೆಂಟಿಗೆ ಹೋದ ಮೇಲೆ ಅದಕ್ಕೆ ಬಟ್ಟೆ ಹೊದಿಸಿಟ್ಟಿದ್ದೆವು. ಮಳೆ ನಿಂತ ಮೇಲೆ ಒಂದು ಸಂಜೆ ಮನಸ್ಸು ತಡೆಯದೆ ತೆಗೆದೆ. ನೀನು ಕಾರು ರೇಸು ಆಡುವಾಗ ನಾನು ಪಕ್ಕದಲ್ಲಿ ಕುಳಿತು 'ನಿಧಾನ, ತಿರುವು ಉಂಟು' ಎನ್ನುತ್ತಿದ್ದೆನಲ್ಲ, ಈಗ ಹೇಳುವವನೂ ನಾನೇ, ಓಡಿಸುವವನೂ ನಾನೇ. ಕೊನೆಗೆ ನೀನು ತಂದಿದ್ದ ಹೊಸ ಆಟವನ್ನು ಹಾಕಿ ನೋಡಿದೆ. ಕಾರು ಹೆಜ್ಜೆಹೆಜ್ಜೆಗೂ ತಡೆದು ನಿಲ್ಲುತ್ತಿತ್ತು. 'ಗ್ರಾಫಿಕ್ಸ್ ಕಾರ್ಡ್ ಬದಲಿಸದೆ ಇದು ಓಡುವುದಿಲ್ಲ ಪಪ್ಪಾ' ಎಂದು ನೀನು ಹೇಳಿದ್ದು ನೆನಪಾಯಿತು.

ರಜೆಯ ದಿನ ಕಂಪ್ಯೂಟರಿನ ಡಬ್ಬವನ್ನೇ ಹೊತ್ತು ಮಣಿಪಾಲಕ್ಕೆ ಹೋದೆ. ಅಂಗಡಿಯಲ್ಲಿ ಮನೋರಮಾ ಎಂಬ ಹುಡುಗಿ, ನಿನ್ನದೇ ಪ್ರಾಯ. ಬಿಚ್ಚಿ ನೋಡಿ, 'ಹೊಸ ಕಾರ್ಡುಗಳು ಇದಕ್ಕೆ ಕೂರುವುದಿಲ್ಲ ಅಂಕಲ್, ಸ್ಲಾಟೇ ಬೇರೆ' ಎಂದಳು. ಹಳೆಯ ಸ್ಲಾಟಿಗೆ ಕೂರುವುದು ಎರಡೇ ಇತ್ತು. ಒಂದಕ್ಕೆ ಫ್ಯಾನ್ ಇಲ್ಲ, ಸದ್ದಿಲ್ಲ, ಆದರೆ ಸ್ವಲ್ಪ ನಿಧಾನ. ಇನ್ನೊಂದು ಜೋರು, ಅದಕ್ಕೆ ಫ್ಯಾನ್ ಉಂಟು, ಕರೆಂಟಿನ ಪೆಟ್ಟಿಗೆಯನ್ನೂ ಬದಲಿಸಬೇಕು. 'ಆಡುವುದು ಯಾರು?' ಎಂದು ಕೇಳಿದಳು. ಮಗಳು ಎಂದೆ. 'ಹಾಗಾದರೆ ಅವಳನ್ನೇ ಕರೆದುಕೊಂಡು ಬನ್ನಿ, ಅವಳೇ ಆರಿಸಲಿ' ಎಂದಳು. ಡಬ್ಬ ಎತ್ತಿಕೊಂಡು ಬಂದುಬಿಟ್ಟೆ.

ಸದ್ದಿಲ್ಲದ್ದೇ ಸಾಕು ಎಂದು ನಾನು ಅಂದುಕೊಂಡಿದ್ದೆ. ಅಮ್ಮನಿಗೆ ಹೇಳಿದಾಗ ಅವಳು ಹೂವಿನಿಂದ ತಲೆ ಎತ್ತಲಿಲ್ಲ. 'ಮೊದಲು ಆ ಗುಂಯ್ ಎನ್ನುವುದು ಕೇಳಿದರೆ ಅವಳು ಮನೆಯಲ್ಲಿದ್ದಾಳೆ ಎಂದು ಗೊತ್ತಾಗುತ್ತಿತ್ತು. ಸದ್ದಿರುವುದನ್ನೇ ತನ್ನಿ' ಎಂದಳು. ಮುಂದಿನ ವಾರ ಮತ್ತೆ ಹೋಗಿ ಅದನ್ನೇ ಹಾಕಿಸಿದೆ.

ಈಗ ರಸ್ತೆ ಎಷ್ಟು ಚಂದ ಕಾಣುತ್ತದೆ ಗೊತ್ತುಂಟಾ? ಗಾಜಿನ ಮೇಲೆ ಬಿದ್ದ ಮಳೆಹನಿ ಸಹ ಜಾರುತ್ತದೆ. ನಿನ್ನೆ ಸಂಜೆ ಮೊದಲ ಸಲ ಗೆದ್ದೆ. ಹೇಳೋಣವೆಂದು ತಿರುಗಿದರೆ, ಅಮ್ಮ ಹೂವಿನ ಚೆಂಡು ಮಡಿಲಲ್ಲಿಟ್ಟುಕೊಂಡು ಕುಳಿತಲ್ಲೇ ನಿದ್ದೆ ಹೋಗಿದ್ದಳು. ನೀನು ಹೋದಂದಿನಿಂದ ಅವಳಿಗೆ ಸರಿಯಾಗಿ ನಿದ್ದೆಯಿಲ್ಲ. ಆಟ ಮುಗಿದರೂ ಕಂಪ್ಯೂಟರ್ ಆರಿಸಲಿಲ್ಲ, ಫ್ಯಾನ್ ತಿರುಗುತ್ತಿರಲಿ ಎಂದು ಹಾಗೆಯೇ ಬಿಟ್ಟೆ.

ನಿನ್ನ ಜೊತೆಯವರಿಗೆಲ್ಲ ನಮ್ಮ ನೆನಪುಗಳನ್ನು ಹೇಳು. ದೇವರು ನಿನ್ನ ತಲೆಯ ಮೇಲೆ ಕೈಯಿಟ್ಟು ಕಾಯಲಿ.

ನಿನ್ನ ಪಪ್ಪಾ,
ಅಲೆಕ್ಸ್

ತಾ.ಕ.: ಡಿಸೆಂಬರಿನಲ್ಲಿ ನಿನಗೆ ಸಿಸ್ಟರ್ ಉಡುಪು ಕೊಡುವ ದಿನ ನಾವಿಬ್ಬರೂ ಬರುತ್ತೇವೆ. ಬಾಡಿಗೆ ಓಮ್ನಿ, ನಾನೇ ಓಡಿಸುತ್ತೇನೆ. ಆ ಬೆಳಗ್ಗೆ ನಿನ್ನ ಮನಸ್ಸು ಹೌದು ಎಂದರೆ ಊಟ ಮಾಡಿ ನಾವಿಬ್ಬರೇ ಹಿಂದಿರುಗುತ್ತೇವೆ, ಸಂತೋಷದಿಂದಲೇ. ಬೇಡ ಎಂದರೆ ಯಾರಿಗೂ ಕಾರಣ ಹೇಳಬೇಕಾಗಿಲ್ಲ, ಸುಮ್ಮನೆ ಬಂದು ಹಿಂದಿನ ಸೀಟಿನಲ್ಲಿ ಕುಳಿತುಕೋ. ನಿಮಗೆ ಬರುವ ಪತ್ರಗಳನ್ನು ಕಾನ್ವೆಂಟಿನ ಮದರ್ ಮೊದಲು ಓದುತ್ತಾರೆಂದು ಗೊತ್ತು. ಓದಲಿ.