ಜಾಂಬಿಯಾದ ಚಿತ್ತಿ ಮಳೆ

ಡಂಬಳ
19 ಜನವರಿ 2025

ಪ್ರೀತಿಯ ಶೃತಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಆರಾಮಾಗಿದ್ದೀಯಲ್ಲವೇ? ಕೆಮ್ಮು ಹೋಯಿತೇ? ನೀನು ಒಯ್ದ ಕಟಕ್ ರೊಟ್ಟಿ ಜಾಂಬಿಯಾದ ಹಸಿಗಾಳಿಗೆ ಚಪಾತಿಯಂತೆ ಮಡಚುತ್ತಿವೆ ಎಂದು ಕೇಳಿ ನಿಮ್ಮವ್ವ ಎರಡು ದಿನ ನಕ್ಕಳು. ಇಲ್ಲಿ ಕಪ್ಪತಗುಡ್ಡದ ಕಡೆಯ ಒಣಗಾಳಿಗೆ ನಮ್ಮ ತುಟಿ ಒಡೆದಿವೆ. ಎರೆಹೊಲ ಕೈ ತೂರುವಷ್ಟು ಬಿರಿದಿದ್ದರೂ ಬಿಳಿಜೋಳ ಇಬ್ಬನಿ ಕುಡಿದು ತಲೆದೂಗುತ್ತಿದೆ. ಮೊನ್ನೆ ಹಸಿ ತೆನೆ ಸುಟ್ಟು ಸೀತನಿ ತಿಂದೆವು. ನಿನ್ನ ಪಾಲನ್ನೂ ನಾನೇ ತಿಂದೆ, ಸಿಟ್ಟಾಗಬೇಡ.

ಇನ್ನು ನಿನ್ನ ಜೋಳದ ಸುದ್ದಿ. ನೀನು ಕೆಲಸಕ್ಕಿರುವ ಆ ದೊಡ್ಡ ತೋಟದಲ್ಲಿ ಹಟ ಹಿಡಿದು ಒಂದು ಎಕರೆ ಕೇಳಿ ನಮ್ಮ ಬೀಜ ಬಿತ್ತಿದೆ. ತೆನೆ ಮಳೆಯಲ್ಲಿ ಬೂಷ್ಟು ಹಿಡಿದು ಕಪ್ಪಾಯಿತು, ಮ್ಯಾನೇಜರ್ ಆ ಎಕರೆಗೆ ಮೆಕ್ಕೆಜೋಳ ಹಾಕುತ್ತೇನೆ ಎಂದ ಅಂತ ನೀನು ಹೇಳಿದಾಗಿನಿಂದ ನನಗೆ ಊಟ ರುಚಿಸಿಲ್ಲ. “ಚಿತ್ತಿ ಮಳಿ ಬಿದ್ದ ಮ್ಯಾಲೆ ಕಣ್ಣು ಮುಚ್ಚಿ ಬಿತ್ತವಾ” ಎಂದು ಅಕ್ಟೋಬರ್ ತಿಂಗಳು ಫೋನಿನಲ್ಲಿ ಗಂಟಲು ದೊಡ್ಡದು ಮಾಡಿದವನು ನಾನೇ ತಾನೇ! ಆ ದೇಶದ ಮಣ್ಣನ್ನು ಬೈಯುತ್ತಲೇ, ನಿನಗೆ ಭೂಗೋಳ ಕಲಿಸಿದ ಅಲ್ಮಾಸಬಿ ಟೀಚರ ಮನೆಗೆ ಹೋದೆ. ಅವರು ಗ್ಲೋಬು ತಿರುಗಿಸಿ ಭೂಮಧ್ಯರೇಖೆಯ ಕೆಳಗೆ ಬೆರಳಿಟ್ಟರು. “ಲಕ್ಷ್ಮಪ್ಪಣ್ಣಾ, ನಮಗ ಮಳಿಗಾಲ ಮುಗಿಯೂ ಹೊತ್ತಿಗೆ ಅಲ್ಲಿ ಸುರು ಆಗ್ತೈತಿ. ಹುಡುಗಿ ಕಡಿಂದ ಮುಂಗಾರಿನಾಗ ಹಿಂಗಾರಿ ಜ್ವಾಳ ಬಿತ್ತಿಸೀರಲ್ರೀ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಒಳಗೆ ನಾಚಿಕೆಯಾಯಿತು.

ಅಂದರೆ ನಿನ್ನ ಚಿತ್ತಿ ಮಳೆ ಬರುವುದು ಮಾರ್ಚಿನಲ್ಲಿ. ಆಗ ಮಳೆ ಹಿಂದೆ ಸರಿಯುತ್ತದೆ, ಆದರೆ ನಿಮ್ಮ ಕರಿಮಣ್ಣು ಹಸಿ ಹಿಡಿದಿರುತ್ತದೆ. ಉಳಿದ ಬೀಜ ಆಗ ಬಿತ್ತು. ತೆನೆ ಬರುವ ಹೊತ್ತಿಗೆ ಮೇ ತಿಂಗಳು, ಅಲ್ಲಿ ಒಣಚಳಿಯಂತೆ. ಮೇ ತಿಂಗಳಲ್ಲಿ ಚಳಿ! ಕಟ್ಟೆಯ ಮೇಲೆ ಇದನ್ನು ಹೇಳಿದರೆ ಗೆಳೆಯ ಸಕ್ರಪ್ಪ ನನ್ನ ಹಣೆ ಮುಟ್ಟಿ ಜ್ವರ ನೋಡಿದ.

ಫೋನಿನಲ್ಲಿ ಇಷ್ಟು ಹೇಳಲು ನಾಲಗೆ ಏಳಲಿಲ್ಲ, ಅದಕ್ಕೇ ಈ ಕಾಗದ. ಟೀಚರು ಫೋಟೋ ತೆಗೆದು ಕಳಿಸುತ್ತಾರೆ. ಹೊತ್ತಿಗೆ ಸರಿಯಾಗಿ ಉಣ್ಣು, ತಲೆ ಒರೆಸಿಕೋ, ಸುಖವಾಗಿರು.

ನಿನ್ನ ಅಪ್ಪ,
ಲಕ್ಷ್ಮಪ್ಪ

ತಾ.ಕ.: ಬಿತ್ತುವ ದಿನ ಗೊತ್ತು ಮಾಡಿದವರು ಯಾರು ಎಂದು ಮ್ಯಾನೇಜರ್ ಕೇಳಿದಾಗ ನೀನು “ನಾನೇ” ಅಂದೆಯಂತೆ. ನಿಮ್ಮವ್ವ ಈಗ ಬಾಯಿ ಬಿಟ್ಟಳು. ಕಣ್ಣು ತುಂಬಿ ಬಂತು, ಮಗಳೇ. ನಾಳೆಯೇ ಈ ಕಾಗದ ಅವನೆದುರು ಹಿಡಿದು, ತಪ್ಪು ನಮ್ಮಪ್ಪನದು ಎಂದು ಹೇಳಿ, ಆ ಎಕರೆಯನ್ನು ಇನ್ನೊಂದು ಸಲ ಕೇಳು. ಅವನಿಗೆ ಕನ್ನಡ ಬಾರದು, ನೀನೇ ಓದಿ ಹೇಳು. ನನ್ನ ಮಾನ ಕಾಯಲು ಒಂದು ಸಾಲೂ ಬಿಡಬೇಡ.