ಕಪ್ಪು ಕನ್ನಡಕದ ದನಿ

ಸಿಂಗಸಂದ್ರ, ಮಾರ್ಚ್ ೧೪, ಶುಕ್ರವಾರ

ಮಾತಾಡುವ ಆ ಕಪ್ಪು ಕನ್ನಡಕ ಬಂದಾಗಿನಿಂದ ನನಗೆ ಹೊಟ್ಟೆಯುರಿ. ಇವರ ಕಣ್ಣು ಹೋದ ಮೇಲೆ ಮೊಬೈಲಿಗೆ ಬಂದದ್ದನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ. ಈಗ ಮೊಬೈಲೇ ಓದುತ್ತದೆ, ಅದೂ ಕನ್ನಡಕದಿಂದ ಇವರ ಕಿವಿಗೆ ಮಾತ್ರ. ಸಂಜೆ ಚಹಾ ಕುಡಿಯುತ್ತಾ ಒಬ್ಬರೇ ನಕ್ಕರು.

"ಯಾರದ್ರೀ?" ಎಂದೆ.

"ಪೀಣ್ಯದ ಹಣಮಂತಂದು. ಏನೋ ಚೇಷ್ಟಿ ಕಳಿಸ್ಯಾನ."

ಮೊದಲಾಗಿದ್ದರೆ ಇಬ್ಬರೂ ನಗುತ್ತಿದ್ದೆವು. ನಾನು ಲೋಟ ಎತ್ತಿಕೊಂಡು ಎದ್ದೆ. ಇವರಿಗೆ ತಿಳಿಯಿತೇನೋ, ಕನ್ನಡಕ ತೆಗೆದು ಕೊಟ್ಟರು.

"ತಗೋ ಸುಮಂಗಲಾ, ನೀನೂ ಕೇಳು."

ಹೆಂಗಸಿನ ದನಿ. ಎಷ್ಟು ವೇಗವೆಂದರೆ ಒಂದು ಮಾತೂ ತಿಳಿಯಲಿಲ್ಲ.

"ಇದು ನಿಮಗ ತಿಳಿತದ?"

"ರೂಢಿ ಆಗೇದ. ನಿಧಾನ ಓದಿದ್ರ ಬ್ಯಾಸರ ಬರ್ತದ."

ನಾನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದವಳು. ಇವರು ಒಂದು ದಿನವೂ ಬೇಗ ಓದು ಅನ್ನಲಿಲ್ಲ. ಅನ್ನಬಹುದಿತ್ತಲ್ಲ.